ಪಂಪಿನ ಸಾಮಾನಿಗೆ ಹೋದ ಲೇಖಕ

ನನ್ನ ತಮ್ಮ ಲೇಖಕನಾಗಲು ಕಾರಣ ಓದೂ ಅಲ್ಲ, ಗೀದೂ ಅಲ್ಲ. ದ್ರಾಕ್ಷಿತೋಟಕ್ಕೆ ಔಷಧಿ ಹೊಡೆಯುವ ನಮ್ಮ ಪಂಪು! ಈಗ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಎಂದು ಗಡಿಗುಂಟ ಅಲೆದು ಪತ್ರಿಕೆಗೆ ವಾರವಾರ ಬರೆಯುತ್ತಾನೆ. ಅಂದು ಆ ಪಂಪು ಕೆಡದಿದ್ದರೆ ಕನ್ನಡಕ್ಕೆ ಒಬ್ಬ ಲೇಖಕ, ನನಗೆ ಒಂದು ತಲೆನೋವು ಕಡಿಮೆಯಾಗುತ್ತಿತ್ತು.

ಮೋಡ ಕವಿದಿತ್ತು. ತಕ್ಷಣ ಔಷಧಿ ಹೊಡೆಯದಿದ್ದರೆ ಬೆಳೆ ಹಾಳು. "ಮಿರಜಕ್ಕ ಹೋಗಿ ಪಂಪಿನ ಸಾಮಾನ ತಗೊಂಡ ಸಂಜಿಕ್ಕ ಬಾ" ಎಂದು ತಮ್ಮನಿಗೆ ದುಡ್ಡು ಕೊಟ್ಟು ಐಗಳಿಯಲ್ಲಿ ಬಸ್ಸು ಹತ್ತಿಸಿದೆ. ಸಂಜೆ ಬರಲಿಲ್ಲ. ಮರುದಿನವೂ ಇಲ್ಲ. ಫೋನ್ ಮಾಡಿದರೆ, "ಕಾಗವಾಡದಾಗ ಅದೀನಿ. ಇಲ್ಲೊಬ್ಬ ಚಾದಂಗಡಿಯವ ಬೈಯೂದು ಕನ್ನಡದಾಗ, ಸಮಾಧಾನ ಮಾಡೂದು ಮರಾಠಿಯಾಗ. ಬಿಟ್ಟ ಬರಾಕ ಮನಸ ಆಗವಲ್ದು" ಎಂದ. ಇಂಥವನಿಗೆ ಏನು ಹೇಳುವುದು? ಎರಡೂ ಭಾಷೆಯಲ್ಲಿ ಬೈದೆ. ಕೊನೆಗೆ ಪಕ್ಕದ ತೋಟದವರ ಕೈಕಾಲು ಹಿಡಿದು ಪಂಪು ತಂದು ಔಷಧಿ ಹೊಡೆದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಅವ್ವನ ತವರು ಗಡಿಯಾಚೆ, ಮಿರಜದ ಹತ್ತಿರ. ನನ್ನ ಮದುವೆಯ ಗದ್ದಲದಲ್ಲಿ ಅವ್ವನ ತಮ್ಮನಿಗೆ, ಅಂದರೆ ನಮ್ಮ ಸೋದರಮಾವನಿಗೆ, ಮೊದಲು ಸುತ್ತಬೇಕಾದ ಮರ್ಯಾದೆಯ ಪಟಗವನ್ನು ಬೇರೆ ಯಾರ ತಲೆಗೋ ಸುತ್ತಿಬಿಟ್ಟರು. ಮಾವ ಉಣ್ಣದೆ ಎದ್ದು ಹೋದ. ಅಂದಿನಿಂದ ಅವ್ವನಿಗೆ ತವರಿನ ಕರೆಯಿಲ್ಲ, ಮಡಿಲು ತುಂಬುವ ಉಡಿಯಿಲ್ಲ. ಹಬ್ಬ ಬಂದರೆ ಅವ್ವ ಸುಮ್ಮನೆ ಬಾಗಿಲಲ್ಲಿ ನಿಂತು ಒಳಗೆ ಹೋಗುತ್ತಿದ್ದಳು.

ಅಂತೂ ಮಹಾಶಯ ಬಂದ. ಕೈಯಲ್ಲಿ ಸಾಮಾನಿಲ್ಲ. ಸೊಂಟಕ್ಕೆ ಕಟ್ಟಿದ ಟವೆಲ್ಲಿನಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಕುಪ್ಪಸದ ಖಣ. ಗಂಡಸಿಗೆ ಉಡಿ ತುಂಬಿ ಕಳಿಸಿದ್ದರು!

"ರೊಕ್ಕ ಏನ ಮಾಡಿದಿಲೇ?" ಎಂದೆ.

"ಮಾವಗ ಪಟಗಾ ತಗೊಂಡ ಹೋದೆ. ನಾನ ಸುತ್ತಿದೆ. ಸ್ವಲ್ಪ ಸೊಟ್ಟ ಆತು."

"ಮತ್ತ ಇದೇನ ಅವತಾರ?"

"ನಮ್ಮಕ್ಕನ ಪರವಾಗಿ ನೀನ ಉಡಿ ಒಡ್ಡು ಅಂದ ಮಾವ. ಉಡಿ ನೆಲಕ್ಕ ಇಡಬಾರದಲ್ಲ? ದಾರಿಗುಂಟ ಹಿಂಗ ಕಟ್ಟಿಕೊಂಡ ಬಂದೆ. ಬಸ್ಸಿನಾಗ ಹೆಣ್ಣಮಕ್ಕಳು ಎಷ್ಟನೇ ತಿಂಗಳು ಅಂತ ಕೇಳಿದ್ರು."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದು ಅವನ ಮುಂದೆ ಸೆರಗು ಒಡ್ಡಿದಳು. ಅವನು ಟವೆಲ್ ಬಿಚ್ಚಿ ಎಲ್ಲವನ್ನೂ ಸುರಿದ.

"ನನ್ನ ತಮ್ಮ ಉಂಡನೇನೋ?" ಎಂದಳು.

"ಹೂಂ ಬೇ. ಪಟಗಾ ಸುತ್ತಿಕೊಂಡ ನನ್ನ ಜೋಡಿ ಕುಂತ ಉಂಡ."

ಅವ್ವ ಸೆರಗನ್ನು ಎದೆಗೆ ಒತ್ತಿಕೊಂಡು ಅತ್ತಳು. ನನಗೂ ಕಣ್ಣು ತುಂಬಿತು. ತಮ್ಮ ಮೆಲ್ಲಗೆ, "ಇದನ್ನ ಬರೀಲೇನಣ್ಣಾ?" ಎಂದು ಕೇಳಿದ.

"ಬರೀಪಾ" ಎಂದೆ.

ಅವ್ವ ಕಣ್ಣೊರೆಸಿಕೊಂಡು ಹೇಳಿದಳು: "ಉಂಡ ಅಂತ ಮೊದಲ ಬರಿ."