ಕರಿಬೇವಿನ ವಂಶಾವಳಿ

ಹೈಸ್ಕೂಲಿನಲ್ಲಿ ಅಷ್ಟು ವರ್ಷ ಭೂಗೋಳ ಪಾಠ ಮಾಡಿದವನಿಗೆ ಅಕ್ಷಾಂಶ, ರೇಖಾಂಶಗಳ ವಿಷಯದಲ್ಲಿ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಈಗ ಆ ಅಭಿಪ್ರಾಯ ಇಲ್ಲ. ಅದು ಹೇಗೆ ಹೋಯಿತು ಎಂಬುದನ್ನು ಯಾವ ಮುಚ್ಚುಮರೆಯೂ ಇಲ್ಲದೆ ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲವಾಗಿತ್ತು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಆಗ ಒಂದು ಯುದ್ಧ ನಡೆಯುತ್ತಿತ್ತು. ಒಂದು ಕಡೆ ನನ್ನ ಹೆಂಡತಿ ಪದ್ಮಾ ಮತ್ತು ಅವಳ ಸಂಪು. ಇನ್ನೊಂದು ಕಡೆ ನಾನು ಮತ್ತು ನನ್ನ ಅಮ್ಮನ ಕರಿಬೇವಿನ ಗಿಡ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದ ದಿನ ಪದ್ಮಾ ಬಿಂದಿಗೆ, ಬಕೆಟ್ಟು, ಹಂಡೆ, ಕೊನೆಗೆ ಪಾಯಸದ ಪಾತ್ರೆಯವರೆಗೂ ತುಂಬಿಸಿಟ್ಟು ಸೊಂಟ ಹಿಡಿದುಕೊಂಡು ಕೂರುತ್ತಿದ್ದಳು. ಹಿತ್ತಲಲ್ಲಿ ನೆಲದಡಿ ನೀರು ತುಂಬಿಡುವ ಒಂದು ಸಂಪು ತೋಡಿಸಬೇಕು ಎಂಬುದು ಅವಳ ಹಟ. ನಮ್ಮ ಹಿತ್ತಲೋ, ಒಂದು ಹಸು ಮಲಗಿದರೆ ಬಾಲ ಹೊರಗೆ ಉಳಿಯುವಷ್ಟು. ಸಂಪು ಬರಬೇಕಾದರೆ ಗಿಡ ಹೋಗಬೇಕು.

ಅದು ಅಮ್ಮ ತನ್ನ ಕೈಯಾರೆ ನೆಟ್ಟ ಗಿಡ. ಬೆಳಿಗ್ಗೆ ಹಲ್ಲುಜ್ಜುತ್ತ ಅದರ ಹತ್ತಿರ ನಿಂತರೆ ಅಮ್ಮ ಅಲ್ಲೇ ಒಲೆಯ ಮುಂದೆ ಇದ್ದಾಳೆ ಅನ್ನಿಸುತ್ತಿತ್ತು. ಆದರೆ ಇಂಥದ್ದನ್ನೆಲ್ಲ ಹೆಂಡತಿಯ ಮುಂದೆ ಹೇಳುವ ಧೈರ್ಯ ಯಾವ ಗಂಡಸಿಗಿದೆ? ಅದಕ್ಕೇ ನಾನು ಅಡುಗೆಯ ಕಡೆಯಿಂದ ವಾದ ಹೂಡುತ್ತಿದ್ದೆ.

"ಈ ಸಾರಿನ ಘಮ ನೋಡು ಪದ್ಮಾ! ಇದು ಅಮ್ಮನ ಕರಿಬೇವಿನ ಘಮ. ಇಂಥಾ ಗಿಡಾನ ಕಡಿದು ಗುಂಡಿ ತೋಡ್ತೀಯಾ?"

ಪದ್ಮಾ ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು. ಮತ್ತೆ ಮುಚ್ಚಿಕೊಳ್ಳುತ್ತಿದ್ದಳು. ಉತ್ತರ ಹೊಳೆಯದೆ ಸೋತಳು ಎಂದುಕೊಂಡು ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಿದ್ದೆ.

ಪಕ್ಕದ ಮನೆಯ ಕಮಲಮ್ಮನವರ ಹಿತ್ತಲಲ್ಲೂ ಒಂದು ಕರಿಬೇವು ಇತ್ತು. ಅವರ ಮನೆಗೆ ಸುಣ್ಣ ಬಳಿಯುವಾಗ ಅಮ್ಮನ ಗಿಡದ ಒಂದು ಕೊಂಬೆಯನ್ನು ಕೇಳದೆ ಕಡಿಸಿಬಿಟ್ಟಿದ್ದರು. ಅಂದೇ ನಾನು ಘೋಷಿಸಿದ್ದೆ: "ಆ ಗಿಡದ ಒಂದೆಲೆಯೂ ಈ ಮನೆಯ ಹೊಸಿಲು ದಾಟಕೂಡದು!" ಪದ್ಮಾ ತಲೆಯಾಡಿಸಿದ್ದಳು.

ಹೀಗಿರುವಾಗ ನನ್ನ ಹಳೆಯ ಶಿಷ್ಯೆ ವೀಣಾ ಮನೆಗೆ ಬಂದಳು. ಅವಳೀಗ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಊರಿನ ಹಳೆಯ ಬಡಾವಣೆಗಳ ಹಿತ್ತಲುಗಳಲ್ಲಿ ಇರುವ ಕರಿಬೇವಿನ ಬಗ್ಗೆ ಅವರ ಸಂಶೋಧನೆ. ಯಾವ ಗಿಡ ಎಲ್ಲಿದೆ ಎಂಬುದನ್ನು ಉಪಗ್ರಹದ ಸಹಾಯದಿಂದ ನಕ್ಷೆಯಲ್ಲಿ ಗುರುತಿಸುವುದು, ಎಲೆಯ ಡಿಎನ್‌ಎ ಪರೀಕ್ಷಿಸಿ ಯಾವ ಗಿಡಕ್ಕೆ ಯಾವ ಗಿಡ ನೆಂಟ ಎಂದು ಪತ್ತೆ ಮಾಡುವುದು, ಅಪರೂಪದ ತಳಿ ಸಿಕ್ಕರೆ ಅದನ್ನು ಉಳಿಸಿಕೊಳ್ಳುವುದು. ನಮ್ಮ ರಸ್ತೆಗೆ ಒಬ್ಬ ಸ್ವಯಂಸೇವಕರು ಬೇಕಾಗಿದ್ದರು.

"ವೀಣಾ, ಅಪರೂಪದ ತಳಿ ಆದ್ರೆ ಕಡಿಯೋ ಹಾಗಿಲ್ಲ ಅಲ್ವಾ?" ಎಂದು ಪದ್ಮಾಗೆ ಕೇಳಿಸುವಂತೆ ಕೇಳಿದೆ.

"ಕಡೀಬೇಡಿ ಅಂತ ನಾವೇ ಕೇಳ್ಕೊಳ್ತೀವಿ ಸರ್."

"ಕೇಳಿಸ್ತಾ ಪದ್ಮಾ? ವಿಜ್ಞಾನವೇ ತೀರ್ಮಾನ ಮಾಡಲಿ. ಅಮ್ಮನ ಗಿಡ ವಿಶೇಷ ಅಂತ ಬಂದ್ರೆ ಗಿಡ ಉಳಿಯತ್ತೆ. ಇಲ್ಲಾಂದ್ರೆ ಮಾರನೇ ದಿನಾನೇ ನಿನ್ನ ಸಂಪು!"

"ಬೇಡಾರೀ," ಎಂದಳು ಪದ್ಮಾ. "ವಿಜ್ಞಾನ ಎಲ್ಲ ಯಾಕೆ? ನಾವೇ ಮಾತಾಡ್ಕೊಳ್ಳೋಣ."

ಹೆದರಿದಳು! ಸ್ವಯಂಸೇವಕನಾಗಲು ನಾನು ಅಲ್ಲೇ ಒಪ್ಪಿಕೊಂಡೆ.

ವೀಣಾ ನನ್ನ ಕೈಗೆ ಟಿ.ವಿ. ರಿಮೋಟಿಗಿಂತ ಸ್ವಲ್ಪ ದಪ್ಪನೆಯ ಜಿಪಿಎಸ್ ಯಂತ್ರವನ್ನೂ, ಎಲೆ ಹಾಕಲು ನಂಬರು ಬರೆದ ಕವರುಗಳನ್ನೂ ಕೊಟ್ಟು ವಿವರಿಸತೊಡಗಿದಳು. "ಸರ್, ಗಿಡದ ಪಕ್ಕದಲ್ಲೇ ನಿಂತ್ಕೋಬೇಕು. ಉಪಗ್ರಹ ಸಿಗೋವರೆಗೂ ಕಾಯ್ಬೇಕು. ಎಲೇನ ನೀವೇ ಗಿಡದಿಂದ ಕೀಳ್ಬೇಕು..."

"ಅಮ್ಮಾ ವೀಣಾ," ಎಂದು ಕೈ ಎತ್ತಿದೆ. "ರೇಖಾಂಶ ಅಂದ್ರೆ ಏನು ಅಂತ ನಿನಗೆ ಹೇಳ್ಕೊಟ್ಟೋನು ಯಾರು?"

ಪಾಪ, ಮಿಕ್ಕ ಸೂಚನೆಗಳನ್ನು ನುಂಗಿಕೊಂಡು ಕವರುಗಳನ್ನು ಜೋಡಿಸತೊಡಗಿದಳು. ಪಾಠ ಕೇಳದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು!

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕ್ಯಾನ್ವಾಸ್ ಬೂಟು ತೊಟ್ಟು, ಟೋಪಿ ಹಾಕಿಕೊಂಡು ಕಾರ್ಯಾಚರಣೆಗೆ ಇಳಿದೆ. ಮಾರನೇ ಬೆಳಿಗ್ಗೆ ಎಲ್ಲವನ್ನೂ ಒಯ್ಯಲು ಸಂಸ್ಥೆಯ ಜೀಪು ಬರುವುದಿತ್ತು. ಒಂದೇ ದಿನದಲ್ಲಿ ಇಡೀ ರಸ್ತೆ ಮುಗಿಸುವುದು ನನ್ನ ಸಂಕಲ್ಪ.

ಮೊದಲು ಅಮ್ಮನ ಗಿಡ. ಯಂತ್ರವನ್ನು ಆಕಾಶಕ್ಕೆ ಎತ್ತಿ ಹಿಡಿದೆ. ಹುಡುಕುತ್ತಿದ್ದೇನೆ ಎಂದಿತು. ಕಾದೆ. ಇನ್ನೂ ಹುಡುಕುತ್ತಿತ್ತು. ಸುತ್ತ ಗೋಡೆ, ಮೇಲೆ ಸಜ್ಜಾ. ಕೈ ಸೋತಿತು. ಆಗ ನನ್ನಲ್ಲಿದ್ದ ಭೂಗೋಳ ತಜ್ಞ ಎಚ್ಚೆತ್ತ. ಗಿಡಕ್ಕೆ ಉಪಗ್ರಹ ಕಾಣದಿದ್ದರೆ ತಾರಸಿಗೆ ಕಾಣುತ್ತದೆ! ನೇರ ಮೇಲೆ ಹೋಗಿ ನಿಂತರಾಯಿತು, ಅಕ್ಷಾಂಶವೇನೂ ಬದಲಾಗುವುದಿಲ್ಲವಲ್ಲ.

ತಾರಸಿ ಹತ್ತಿದೆ. ಅಲ್ಲಿ ಗಿಡದ ನೇರಕ್ಕೆ ನಲ್ಲಿ ನೀರು ಹತ್ತದೆ ಖಾಲಿ ನಿಂತ ಟ್ಯಾಂಕು, ಅದರ ಮೇಲೆ ಹಿಂದಿನ ಮನೆಯ ತೆಂಗಿನ ಗರಿ. ಯಂತ್ರ ಹುಡುಕುತ್ತಲೇ ಇತ್ತು. ಕಣ್ಣನ್ನು ಪರದೆಯಿಂದ ಕೀಳದೆ ಒಂದು ಹೆಜ್ಜೆ ಆಚೆ ಇಟ್ಟೆ. ಒಂದು ಉಪಗ್ರಹ ಸಿಕ್ಕಿತು. ಮೋಟು ಗೋಡೆ ದಾಟಿದೆ. ಎರಡಾದವು. ಇನ್ನೂ ಮುಂದೆ ಹೋದೆ. ನಾಲ್ಕು! ಗುಂಡಿ ಒತ್ತಿ ವಿಜಯದಿಂದ ಕೆಳಗೆ ನೋಡಿದರೆ, ನಾನು ನಿಂತಿದ್ದುದು ಕಮಲಮ್ಮನವರ ತಾರಸಿಯಲ್ಲಿ. ಇನ್ನೂ ಸ್ಪಷ್ಟವಾಗಿ ಹೇಳುವುದಾದರೆ, ಅವರ ಸಬ್ಬಕ್ಕಿ ಸಂಡಿಗೆಯಲ್ಲಿ.

"ಯಾರದು ಮೇಲೆ?" ಎಂದು ಕೆಳಗಿನಿಂದ ಕಮಲಮ್ಮನವರ ದನಿ.

"ವಿಜ್ಞಾನ!" ಎಂದೆ. ಬೇರೆ ಏನೂ ತೋಚಲಿಲ್ಲ.

ಹಿಡಿದ ಕೆಲಸ ಬಿಡುವ ಜಾಯಮಾನ ನನ್ನದಲ್ಲ. ಬೂಟು ತೊಳೆದು ಮುಂದುವರಿದೆ. ಅದು ಏಪ್ರಿಲ್ ತಿಂಗಳು. ನಮ್ಮ ರಸ್ತೆಯ ಪ್ರತಿ ತಾರಸಿಯಲ್ಲೂ ಏನಾದರೊಂದು ಒಣಗುತ್ತಿತ್ತು. ಎದುರು ಮನೆಯಲ್ಲಿ ಹಪ್ಪಳ, ಮೂಲೆ ಮನೆ ಲಲಿತಮ್ಮನವರಲ್ಲಿ ಬಾಳಕದ ಮೆಣಸಿನಕಾಯಿ. ನನಗೋ ಪರದೆಯಿಂದ ಕಣ್ಣು ಕೀಳುವಂತಿಲ್ಲ. ಪ್ರತಿ ಮನೆಯಲ್ಲೂ ತುಳಿಯುವುದು, ಕ್ಷಮೆ ಕೇಳುವುದು, ಅವರು "ಪರವಾಗಿಲ್ಲ ಮೇಷ್ಟ್ರೇ" ಎಂದು ಹಲ್ಲು ಕಚ್ಚುತ್ತ ಕಾಫಿ ಕೊಡುವುದು, ನಾನು ಕುಡಿಯುವುದು. ಉಪಗ್ರಹದ ಕೆಲಸ ಮುಗಿಯುವ ಹೊತ್ತಿಗೆ ಬೀದಿ ದೀಪ ಹತ್ತಿಕೊಂಡಿತ್ತು. ಒಂದು ಎಲೆಯನ್ನೂ ಕಿತ್ತಿರಲಿಲ್ಲ!

ಲಲಿತಮ್ಮನವರ ಹಿತ್ತಲಿಗೆ ನುಗ್ಗಿ ಗಿಡಕ್ಕೆ ಕೈ ಹಾಕಿದ್ದೇ ತಡ, ಅವರು ಓಡಿ ಬಂದರು.

"ಅಯ್ಯಯ್ಯೋ ಮೇಷ್ಟ್ರೇ! ದೀಪ ಹಚ್ಚಿದ ಮೇಲೆ ಗಿಡ ಮುಟ್ತಾರಾ? ಗಿಡ ಮಲಗಿರತ್ತೆ."

ತಕ್ಷಣ ಕೈ ಹಿಂದಕ್ಕೆ ಎಳೆದುಕೊಂಡೆ. ಅಮ್ಮನೂ ಹೀಗೇ ಹೇಳುತ್ತಿದ್ದಳು. ವಿಜ್ಞಾನಕ್ಕಾಗಿ ಸಂಡಿಗೆ ತುಳಿಯಬಹುದು, ಆದರೆ ಮಲಗಿದ ಗಿಡವನ್ನು ಎಬ್ಬಿಸುವುದು ಹೇಗೆ?

"ಬೆಳಿಗ್ಗೆನೇ ಜೀಪು ಬರತ್ತಲ್ಲ ಲಲಿತಮ್ಮನೋರೇ..."

"ಅದಕ್ಕೇನಂತೆ, ಫ್ರಿಜ್ಜಲ್ಲಿ ಬೇಕಾದಷ್ಟಿದೆ, ತಗೊಂಡ್ಹೋಗಿ."

ಎಲೆ ಯಾವುದಾದರೇನು, ಎಲೆಯೇ! ಎಂಥ ಸುಲಭದ ದಾರಿ! ಉಳಿದ ಮನೆಗಳಲ್ಲಿ ನಾನೇ ಕೇಳಿದೆ: "ಗಿಡ ಮುಟ್ಟೋದು ಬೇಡ, ಫ್ರಿಜ್ಜಲ್ಲಿ ಇದ್ರೆ ಕೊಡಿ." ಎಲ್ಲರ ಮನೆಯಲ್ಲೂ ಇತ್ತು, ಅದೂ ದಂಡಿಯಾಗಿ, ಹಸಿರು ಹಸಿರಾಗಿ. ವಿಜ್ಞಾನದ ಮುಂದೆ ವೈರತ್ವ ಸಲ್ಲದು ಎಂದು ಕಮಲಮ್ಮನವರ ಮನೆಗೂ ಹೋದೆ. ಅವರು ಒಂದು ಎಸಳು ಕೈಗಿಟ್ಟು ನಕ್ಕರು.

"ನಿಮ್ಮನೇಲೇ ಇರತ್ತಲ್ಲ ಮೇಷ್ಟ್ರೇ, ಇಲ್ಲೀವರೆಗೂ ಯಾಕೆ ಬಂದ್ರಿ?"

ಅಮ್ಮನ ಗಿಡದ ಹಿರಿಮೆಯನ್ನು ಶತ್ರುವೇ ಒಪ್ಪಿಕೊಂಡಂತಾಯಿತು. ಎದೆಯುಬ್ಬಿಸಿ ಮನೆಗೆ ಬಂದು, ನಮ್ಮ ಫ್ರಿಜ್ಜಿಗೂ ಕೈ ಹಾಕಿದೆ.

ಪದ್ಮಾ ಅಡುಗೆಮನೆಯಿಂದ ಹಾರಿ ಬಂದಳು. "ರೀ, ಅದು ಬೇಡ! ಬೆಳಿಗ್ಗೆ ಗಿಡದಿಂದಲೇ ಕಿತ್ಕೊಳ್ಳಿ!"

"ಯಾಕೆ?"

"ಅದು... ಅದು ಹಳೇದು."

ಮೂಸಿ ನೋಡಿದೆ. ಘಮ್ಮೆಂದಿತು. "ಇದು ಹಳೇದಾ? ನಿನ್ನ ಸಂಪಿನ ಆಟ ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?" ಎಂದು ಕವರಿಗೆ ತುಂಬಿ ಅಂಟಿಸಿದೆ. ಅವಳು ಕೈಯಲ್ಲಿದ್ದ ಸೌಟನ್ನು ನೋಡುತ್ತ ನಿಂತಳು.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ವೀಣಾ ಫೋನ್ ಮಾಡಿದಳು. ಅವಳ ದನಿಯಲ್ಲಿ ಗಾಬರಿಯೂ ಇತ್ತು, ಸಂಭ್ರಮವೂ ಇತ್ತು.

"ಸರ್, ಬೇರೆ ರಸ್ತೆಗಳಲ್ಲಿ ಹಿತ್ತಲಿಗೊಂದು ಥರ ಇದೆ. ನಿಮ್ಮ ರಸ್ತೇಲಿ ಎಲ್ಲಾ ಮನೇದೂ ಒಂದೇ! ಒಂದೇ ತಾಯಿ ಗಿಡದ ಬೇರಿಂದ ಎದ್ದ ಮರಿಗಳಾದ್ರೆ ಮಾತ್ರ ಹೀಗಾಗತ್ತೆ. ಭಾನುವಾರ ನಾನೇ ಬಂದು ನೋಡ್ತೀನಿ."

ಫೋನು ಇಟ್ಟವನಿಗೆ ಕಣ್ಣು ತುಂಬಿ ಬಂತು. ಒಂದೇ ತಾಯಿ ಗಿಡ! ಈ ರಸ್ತೆಯಲ್ಲಿ ಎಲ್ಲರಿಗಿಂತ ಮೊದಲು ಮನೆ ಮಾಡಿದ್ದು ಯಾರು? ನಾವು. ಕೇಳಿದವರಿಗೆ ಇಲ್ಲವೆನ್ನದೆ ಸಸಿ ಕೊಟ್ಟವಳು ಯಾರಿರಬೇಕು? ಅಮ್ಮ! ಪದ್ಮಾ ಎರಡು ಸಲ "ರೀ, ಒಂದು ನಿಮಿಷ ಕೇಳಿ" ಎಂದಳು. ನನಗೆ ನಿಮಿಷವೆಲ್ಲಿತ್ತು? ಇಡೀ ರಸ್ತೆಯನ್ನು ಭಾನುವಾರ ಬೆಳಿಗ್ಗೆ ಮನೆಗೆ ಕರೆದೆ. ಕೇಸರಿಬಾತು ಹೇಳಿದೆ. ಗಿಡದ ಬುಡಕ್ಕೆ ರಂಗೋಲಿ ಹಾಕಿಸಿ, ಕೊಂಬೆಗೆ ಸೇವಂತಿಗೆ ಹಾರ ಹಾಕಿದೆ.

ಭಾನುವಾರ ಎಲ್ಲರೂ ಹಿತ್ತಲಲ್ಲಿ, ಅಲ್ಲಿ ಹಿಡಿಸದವರು ಬಾಗಿಲಲ್ಲಿ, ಒತ್ತೊತ್ತಾಗಿ ನಿಂತರು. ನಾನು ಒಗೆಯುವ ಕಲ್ಲಿನ ಮೇಲೆ ನಿಂತು ಭಾಷಣ ಮಾಡಿದೆ. "ನಿಮ್ಮೆಲ್ಲರ ಮನೆಯ ಒಗ್ಗರಣೆಯಲ್ಲಿ ಇಷ್ಟು ವರ್ಷ ಘಮಘಮಿಸಿದ್ದು ನನ್ನ ತಾಯಿಯ ಕೈಗುಣ!" ಚಪ್ಪಾಳೆ ಬಿತ್ತು. ಕಮಲಮ್ಮನವರು ಮಾತ್ರ ಪದ್ಮಾಳ ಮುಖ ನೋಡಿದರು. ಪದ್ಮಾ ನೆಲ ನೋಡಿದಳು.

ಅಷ್ಟರಲ್ಲಿ ವೀಣಾ ಬಂದಳು. ಅವಳ ಕಣ್ಣು ಕೈಯಲ್ಲಿದ್ದ ಯಂತ್ರದ ಮೇಲಿತ್ತು. ನನಗೆ ನಮಸ್ಕಾರ ಹೇಳಿ, ಹಾರ ಹಾಕಿಸಿಕೊಂಡ ಗಿಡವನ್ನು ದಾಟಿ, ಗೋಡೆಯವರೆಗೆ ಹೋಗಿ ನಿಂತಳು.

"ಸರ್, ನಿಮ್ಮ ತಾಯಿಯವರ ಗಿಡ ಗೋಡೆ ಆ ಕಡೆ ತೋರಿಸ್ತಿದೆ."

"ಅದು ಕಮಲಮ್ಮನೋರದು. ಅಮ್ಮನ ಗಿಡ ಇದು!"

ವೀಣಾ ಹಾರ ಸರಿಸಿ ಒಂದೆಲೆ ಕಿತ್ತಳು. ಹೊಸಕಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ಬಾಯಿಗೆ ಹಾಕಿಕೊಂಡು ಅಗಿದಳು.

"ಸರ್... ಇದಕ್ಕೆ ವಾಸನೇನೇ ಇಲ್ವಲ್ಲ?"

ಕೇಸರಿಬಾತು ಅಗಿಯುವುದನ್ನು ಜನ ನಿಲ್ಲಿಸಿದರು.

"ನೀವು ಕಳಿಸಿದ ಎಲೆ ಈ ಗಿಡದ್ದಲ್ಲ ಸರ್. ಎಲ್ಲಿಂದ ಕಿತ್ರಿ?"

"ಫ್ರಿಜ್ಜಿಂದ," ಎಂದೆ.

ಲಲಿತಮ್ಮನವರು ಬಾಯಿಗೆ ಸೆರಗು ಹಿಡಿದುಕೊಂಡರು. "ಅಯ್ಯೋ ಮೇಷ್ಟ್ರೇ! ಅದು ಕಮಲಮ್ಮನ ಗಿಡದ್ದು. ಆ ವಾರ ಅವರು ಗಿಡ ಸವರಿಸಿ ಎಲ್ರ ಮನೆಗೂ ಕಂತೆ ಕಂತೆ ಕೊಟ್ಟಿದ್ರು. ನೀವು ಫ್ರಿಜ್ಜಲ್ಲಿ ಇರೋದೂ ಆಗತ್ತೆ ಅಂದ್ರಿ, ಕೊಟ್ವಿ."

ಡಿಎನ್‌ಎ ಪ್ರಕಾರ ನಮ್ಮ ಮನೆಯ ಕರಿಬೇವು ಕಮಲಮ್ಮನವರದು. ಉಪಗ್ರಹದ ಪ್ರಕಾರವೂ ಕಮಲಮ್ಮನವರದು. ಭೂಮಿ, ಆಕಾಶ ಎರಡೂ ಸೇರಿ ನನ್ನ ವಿರುದ್ಧ ಸಾಕ್ಷಿ ಹೇಳಿದವು. ನಾನು ಒಗೆಯುವ ಕಲ್ಲಿನಿಂದ ಮೆಲ್ಲಗೆ ಇಳಿದು ಪದ್ಮಾಳ ಕಡೆ ತಿರುಗಿದೆ.

"ನಮ್ಮ ಫ್ರಿಜ್ಜಿಗೆ ಅದು ಹೇಗೆ ಬಂತು?"

"ಯಾವಾಗ್ಲೂ ಬರೋ ಹಾಗೆ," ಎಂದರು ಕಮಲಮ್ಮನವರು. "ಗೋಡೆ ಮೇಲಿಂದ. ಹೊಸಿಲು ದಾಟಿಲ್ಲ ಮೇಷ್ಟ್ರೇ, ನಿಮ್ಮ ಮಾತು ಉಳಿಸಿದೀವಿ."

ನಗು ಎದ್ದಿತು ನೋಡಿ, ಗಿಡದ ಹಾರ ಕಳಚಿ ಬೀಳಬೇಕು!

ಎಲ್ಲರೂ ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. "ಎಷ್ಟು ವರ್ಷದಿಂದ ಪದ್ಮಾ?"

"ನಾನು ಮದುವೆಯಾಗಿ ಬಂದಾಗಿಂದ. ಅತ್ತೆಗೂ ಗೊತ್ತಿತ್ತು. ಅವ್ರೇ ಶುರು ಮಾಡಿದ್ದು. ನೆಟ್ಟ ಗಿಡ ಚೆನ್ನಾಗಿ ಬರ್ಲಿಲ್ಲ ಅಂತ ಅವ್ರಿಗೆ ಒಳಗೊಳಗೇ ಬೇಜಾರಿತ್ತು. ನೀವು ಊಟಕ್ಕೆ ಕೂತು ಹೊಗಳಿದ್ರೆ ಅವ್ರ ಮುಖ ನೋಡ್ಬೇಕಿತ್ತು. ಹಾಗೇ ನಡೀಲಿ ಬಿಡು ಅಂದಿದ್ರು."

ಸಂಪಿನ ಜಗಳ ಇಷ್ಟು ವರ್ಷ ನಡೆದಿತ್ತು. "ನಿಮ್ಮಮ್ಮನ ಗಿಡಕ್ಕೆ ವಾಸನೆ ಇಲ್ಲ" ಎಂದು ಒಂದೇ ಒಂದು ಮಾತು ಹೇಳಿದ್ದರೆ ಅಂದೇ ಗೆದ್ದುಬಿಡುತ್ತಿದ್ದಳು. ಹೇಳದೆ ಬಿಂದಿಗೆ ಹೊತ್ತಳು.

"ಪಂದ್ಯ ಸೋತೆ," ಎಂದೆ. "ನಾಳೆನೇ ಗಿಡ ಕಡಿಸ್ತೀನಿ."

"ಏನೂ ಬೇಡ. ಆ ಹುಡುಗಿ ಇವತ್ತು ನಿಜವಾದ ಎಲೆ ತಗೊಂಡ್ಹೋಗಿದಾಳೆ. ಅದೇನು ಬರತ್ತೋ ನೋಡೋಣ."

ಸಂಪು ಮಾತ್ರ ನಾನು ಕಾಯಿಸಲಿಲ್ಲ. ಮುಂಬಾಗಿಲ ಪಕ್ಕ ನನ್ನ ಸ್ಕೂಟರ್ ನಿಲ್ಲುತ್ತಿದ್ದ ಜಾಗದಲ್ಲೇ ತೋಡಿಸಿದೆ. ಸ್ಕೂಟರು ರಸ್ತೆಗೆ ಹೋಯಿತು. ಅಲ್ಲೊಂದು ಜಾಗವಿದೆ ಎಂದು ಯಾವ ಉಪಗ್ರಹವೂ ಇಲ್ಲದೆ ಎಂದೋ ಕಾಣಬಹುದಿತ್ತು!

ಕೆಲವು ವಾರಗಳ ನಂತರ ನಾವು ಊಟಕ್ಕೆ ಕೂತಿದ್ದಾಗ ವೀಣಾ ಗಿಡಕ್ಕೆ ಕಟ್ಟಲು ಒಂದು ತಗಡಿನ ಫಲಕ ಹಿಡಿದು ಬಂದಳು.

"ಸರ್, ನಿಮ್ಮ ತಾಯಿಯವರ ಗಿಡ ಬೇರೆ ಯಾವುದಕ್ಕೂ ಹೊಂದೋದಿಲ್ಲ. ನಾವು ನೋಡಿದ್ರಲ್ಲೆಲ್ಲ ಅದೊಂದೇ ಹಾಗಿರೋದು. ದಯವಿಟ್ಟು ಕಡೀಬೇಡಿ."

ಎದ್ದು ನಿಂತೆ. "ನೋಡಿದ್ಯಾ ಪದ್ಮಾ! ವಿಶೇಷ ತಳಿ! ಅದರ ವಿಶೇಷ ಏನಮ್ಮಾ ವೀಣಾ?"

ವೀಣಾ ಸ್ವಲ್ಪ ತಡವರಿಸಿದಳು. "ವಾಸನೆ ಇಲ್ಲದೇ ಇರೋದೇ ವಿಶೇಷ ಸರ್. ಘಮ ಯಾಕೆ ಬರತ್ತೆ ಅಂತ ತಿಳ್ಕೊಳ್ಳೋಕೆ, ಪಕ್ಕದಲ್ಲಿಟ್ಟು ಹೋಲಿಸೋಕೆ, ಘಮ ಇಲ್ಲದ್ದೂ ಒಂದು ಬೇಕಾಗತ್ತೆ. ಬೇರೆ ಏನೂ ಉಪಯೋಗ ಇಲ್ಲ, ಆದ್ರೂ ಜೋಪಾನವಾಗಿ ಇಟ್ಕೋಬೇಕು."

"ಇಟ್ಕೊಳ್ಳೋಣ ಬಿಡಮ್ಮ," ಎಂದಳು ಪದ್ಮಾ, ನನ್ನನ್ನೇ ನೋಡುತ್ತ. "ನನಗೆ ಅಭ್ಯಾಸ ಇದೆ."

ನಾನು ಕೂತು, ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ. ಘಮದ ಬಗ್ಗೆ ಏನೂ ಮಾತಾಡಲಿಲ್ಲ.