ಮೂರು ಜೊತೆ ಉಣ್ಣೆಯ ಕಾಲುಚೀಲ

ಇಸ್ತ್ರಿಯಾಗಿ ಬಂದ ಹೆಂಡತಿಯ ಸಮವಸ್ತ್ರವನ್ನು ಬೀರುವಿನಲ್ಲಿಡಲು ಹೋದ ಗಡಿಯಾರ ರಿಪೇರಿಯವನ ಕೈಗೆ ಒಂದು ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಮೂರು ಜೊತೆ ದಪ್ಪ ಉಣ್ಣೆಯ ಕಾಲುಚೀಲ! ಅವನ ಎದೆ ಧಸಕ್ಕೆಂದಿತು.

ಹೆಂಡತಿ ಸೈನ್ಯದಲ್ಲಿ ಕ್ಯಾಪ್ಟನ್. ಹಿಮ ಬೀಳುವ ಗಡಿಗೆ ಒಂದು ತುಕಡಿ ಹೋಗುತ್ತದಂತೆ ಎಂಬ ಸುದ್ದಿ ತಿಂಗಳಿಂದ ಕ್ವಾರ್ಟರ್ಸಿನ ಮೆಟ್ಟಿಲು ಹತ್ತಿ ಇಳಿಯುತ್ತಿತ್ತು. ಯಾರು, ಯಾವಾಗ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಊರವರ ಗಡಿಯಾರಗಳನ್ನೆಲ್ಲ ಸರಿಯಾದ ಹೊತ್ತಿಗೆ ತರುವ ಈ ಪುಣ್ಯಾತ್ಮನಿಗೆ ತನ್ನ ಮನೆಯ ತಾರೀಖೇ ತಿಳಿಯದು. ಅವಳಿಲ್ಲದ ಮನೆಯನ್ನು ನೆನೆದರೆ ಅವನಿಗೆ ನಿಜಕ್ಕೂ ಭಯವಾಗುತ್ತಿತ್ತು. ಕೇಳೋಣವೆಂದರೆ ಅವಳು ಫೋನನ್ನು ಕಚೇರಿಯ ಗೇಟಿನಲ್ಲೇ ಒಪ್ಪಿಸಿ ಒಳಗೆ ಹೋಗಬೇಕು.

ಪೊಟ್ಟಣ ಹಿಡಿದು ಪಕ್ಕದ ಮನೆಯ ಅಜ್ಜಿಯ ಬಳಿ ಓಡಿದ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಗಡಿಗೆ ಕಳಿಸಿ ವಾಪಸು ಪಡೆದ ಅಜ್ಜಿ ಈ ವಿಷಯದಲ್ಲಿ ಸೇನಾಪತಿಗಿಂತ ಒಂದು ಕೈ ಮೇಲು ಎಂದು ಇಡೀ ಕಟ್ಟಡ ನಂಬಿತ್ತು.

"ಎಷ್ಟು ಜೊತೆಯಪ್ಪಾ?"

"ಮೂರು, ಅಜ್ಜಿ."

"ಎರಡಾಗಿದ್ರೆ ತರಬೇತಿ ಅನ್ನಬಹುದಿತ್ತು. ಮೂರು ಅಂದ್ರೆ ಗಡೀನೇ."

ಖಾತ್ರಿಪಡಿಸಿಕೊಳ್ಳಲು ಸೈನ್ಯದ ಉಗ್ರಾಣದ ಗುಮಾಸ್ತನನ್ನು ಕೇಳಿದ. "ನಂಗೇನೂ ಗೊತ್ತಿಲ್ಲಪ್ಪಾ" ಎಂದ ಗುಮಾಸ್ತ. ಗೊತ್ತಿಲ್ಲದ್ದನ್ನೂ ಗೊತ್ತು ಎನ್ನುವ ಮನುಷ್ಯನೇ ಹೀಗೆಂದ ಮೇಲೆ ಇದು ಭಾರಿ ಗುಟ್ಟೇ ಇರಬೇಕೆಂದು ಎಲ್ಲರೂ ತೀರ್ಮಾನಿಸಿದರು.

ಮಧ್ಯಾಹ್ನದ ಹೊತ್ತಿಗೆ ಅವನ ಮನೆಯಲ್ಲಿ ಅವನಿಗೇ ನಿಲ್ಲಲು ಜಾಗವಿರಲಿಲ್ಲ. ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆ ಕೆಳಗಿಳಿಯಿತು. ಮೇಲಿನ ಮನೆಯ ಹವಾಲ್ದಾರನ ಹೆಂಡತಿ ಬಟ್ಟೆ ಮಡಿಸಿ ತುಂಬಿದಳು. "ಅಳಬೇಡಿ ಅಣ್ಣಾ, ನಗ್ತಾ ಕಳಿಸಬೇಕು" ಎಂದು ಅವಳೇ ಅತ್ತಳು.

ಮೂರು ಗಂಟೆಗೆ ಕುಟುಂಬ ಕ್ಷೇಮ ಸಮಿತಿಯ ಅಧ್ಯಕ್ಷೆ, ಅಂದರೆ ದೊಡ್ಡ ಸಾಹೇಬರ ಹೆಂಡತಿ, ಸುದ್ದಿ ಕೇಳಿ, ಗಡಿಗೆ ಹೋಗುವವರ ಮನೆಯವರು ಸಹಿ ಹಾಕುವ ಒಪ್ಪಿಗೆಯ ಫಾರಂ ಹಿಡಿದು ಬಂದರು.

"ಆರು ತಿಂಗಳು ಒಬ್ಬರೇ ಮನೆ ನಿಭಾಯಿಸ್ತೀರಾ?"

ಆಗಲ್ಲ ಮೇಡಂ, ಒಂದು ದಿನವೂ ಆಗಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಗಿಲಲ್ಲಿ ಅರ್ಧ ಕಟ್ಟಡ ಕತ್ತು ಚಾಚಿ ನಿಂತಿತ್ತು.

"ಅದೇನ್ ಮಹಾ ಮೇಡಂ! ಆರು ತಿಂಗಳೇನು, ವರ್ಷ ಬೇಕಾದ್ರೂ ಇರ್ತೀನಿ!" ಎಂದು ಎದೆಯುಬ್ಬಿಸಿ ಸಹಿ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷೆ ಅದನ್ನೂ ಬರೆದುಕೊಂಡು ಹೋದರು.

ಸಂಜೆ ಹೆಂಡತಿ ಬಂದು ಬಾಗಿಲಲ್ಲೇ ಪೆಟ್ಟಿಗೆಗೆ ಎಡವಿದಳು. ಅವನು ಕಾಲುಚೀಲ ಮುಂದೆ ಹಿಡಿದು, "ನನಗೊಂದು ಮಾತು ಹೇಳಬಾರದಿತ್ತಾ?" ಎಂದ.

"ಅಯ್ಯೋ, ಅದು ನಿಮಗೆ ತಂದಿದ್ದು ಕಣ್ರೀ! ಕೆಲಸಕ್ಕೆ ಕೂತ್ರೆ ಕಾಲು ಮರಗಟ್ಟುತ್ತೆ ಅಂತ ಗೊಣಗ್ತಿದ್ರಲ್ಲ? ಅಳತೆಯಾದ್ರೂ ನೋಡಬಾರದಾ?"

ಅವನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನೀನು ಹೋಗ್ತಿಲ್ಲ!"

ಅವಳು ಪೆಟ್ಟಿಗೆಯ ಮೇಲೆ ಕುಸಿದು ಕೂತಳು.

"ಮಧ್ಯಾಹ್ನದವರೆಗೂ ಹೋಗ್ತಿರಲಿಲ್ಲ. ಪಟ್ಟಿಯಲ್ಲಿ ಇಬ್ಬರ ಹೆಸರಿತ್ತು, ಒಬ್ಬರು ಸಾಕಾಗಿತ್ತು. ನಮ್ಮನೆಯವರಿಗೆ ಹಾಲು ಕಾಸೋಕೂ ಬರಲ್ಲ ಸಾರ್ ಅಂತ ಗೋಗರೆದಿದ್ದೆ. ಸಾಹೇಬರು ನನ್ನ ಹೆಸರು ಹೊಡೆದುಹಾಕೋಕೆ ಪೆನ್ನು ಎತ್ತಿದ್ರು ರೀ. ಅಷ್ಟರಲ್ಲಿ ಅವರ ಹೆಂಡತಿ ಫಾರಂ ತಂದಿಟ್ರು. ಪೆಟ್ಟಿಗೆ ಸಿದ್ಧ, ಗಂಡ ಸಿದ್ಧ, ವರ್ಷವಾದ್ರೂ ಸಂತೋಷ ಅಂತ! ಕೆಳಗೆ ನಿಮ್ಮ ಸಹಿ."

"ಈಗ?"

"ನಾಡಿದ್ದು ಹೊರಡಬೇಕು. ಆರು ತಿಂಗಳು ಅಂತಿದ್ದದ್ದು ಒಂದು ವರ್ಷ ಆಗಿದೆ."

ಅವಳು ಕಣ್ಣೊರೆಸಿಕೊಂಡು, ಅವನ ಕೈಯಲ್ಲಿದ್ದ ಕಾಲುಚೀಲವನ್ನು ಮುಟ್ಟಿ ನೋಡಿದಳು.

"ಅಲ್ಲಿ ಚಳಿ ಜಾಸ್ತಿಯಂತೆ. ದೊಡ್ಡದಾದ್ರೂ ಪರವಾಗಿಲ್ಲ, ಕೊಡಿ."

ಮೂರು ಜೊತೆಯೂ ಪೆಟ್ಟಿಗೆ ಸೇರಿದವು. ಕಿಟಕಿಯಲ್ಲಿ ಅಜ್ಜಿಯ ತಲೆ ಕಾಣಿಸಿತು.

"ಬೆಳಿಗ್ಗೇನೇ ಹೇಳಿರಲಿಲ್ವೇನಪ್ಪಾ? ಮೂರು ಜೊತೆ ಅಂದ್ರೆ ಗಡೀನೇ!"