ಒಂದು ವರ್ಷ ಬರೀ ಹೆಂಗಸರು ಬರೆದದ್ದು

ಪುಸ್ತಕ ಓದುವುದು ಸದ್ದಿಲ್ಲದ ಕೆಲಸ ಎಂದು ಹೇಳುವವರು ನಮ್ಮ ಓದಿನ ಗುಂಪನ್ನು ನೋಡಿಲ್ಲ. ನಾವು ಒಂದು ಪುಸ್ತಕ ಕೈಗೆತ್ತಿಕೊಂಡರೆ ಏನಾದರೊಂದು ಆಗಿಯೇ ತೀರುತ್ತದೆ.

ಚಾಮರಾಜನಗರದಲ್ಲಿ ಗುಂಪು ಶುರುವಾದಾಗ ಇದ್ದದ್ದು ನಾಲ್ಕೇ ಜನ. ನಿವೃತ್ತ ಹೆಡ್‌ಮಿಸ್ಸು, ಲೇಡೀಸ್ ಟೈಲರ್ ಅಂಗಡಿಯ ಆಪಾ, ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬರುವ ನರ್ಸ್ ಸಿಸ್ಟರ್, ಮತ್ತೆ ನಾನು. ನಾನು ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್. ತಿಂಗಳಿಗೊಂದು ಭಾನುವಾರ ಆಪಾ ಅಂಗಡಿಯಲ್ಲಿ ಸೇರುತ್ತಿದ್ದೆವು. ಒಂದು ಸಲ ಹೆಡ್‌ಮಿಸ್ಸು, "ಸರ್ವಿಸ್ ಪೂರ್ತಿ ಗಂಡಸರು ಬರೆದದ್ದನ್ನೇ ಪಾಠ ಮಾಡಿ ಸಾಕಾಯ್ತು. ಇನ್ನೊಂದು ವರ್ಷ ಹೆಂಗಸರು ಬರೆದದ್ದು ಬಿಟ್ಟು ಬೇರೆ ಮುಟ್ಟಬಾರದು" ಎಂದರು. ಆರಿಸುವ ಕೆಲಸ ನನಗೆ ಬಿತ್ತು. "ನಿನ್ನ ಕೈಯಲ್ಲಿ ಆಸಿಡ್ ಬಾಟ್ಲಿಗಳೇ ಅದಲುಬದಲಾಗಲ್ಲ, ಪುಸ್ತಕ ಯಾವ ಲೆಕ್ಕ" ಅಂದರು.

ಹೆಂಗಸರ ಪುಸ್ತಕ

ಮೊದಲು ಹಳೇ ಪುಸ್ತಕದ ಅಂಗಡಿಗೆ ಹೋದೆ. "ಯಜಮಾನ್ರೆ, ಹೆಂಗಸರ ಪುಸ್ತಕ ಬೇಕಿತ್ತು" ಅಂದೆ. ಅವರು ಒಳಗೆ ಹೋಗಿ ಒಂದು ತೋಳು ತುಂಬ ತಂದು ಮುಂದಿಟ್ಟರು. ರಂಗೋಲಿ, ಕಸೂತಿ, ಮಕ್ಕಳಿಗಿಡುವ ಹೆಸರುಗಳು, ಉಪ್ಪಿನಕಾಯಿ.

"ಹೆಂಗಸರಿಗೆ ಅಂತ ಅಲ್ಲ, ಹೆಂಗಸರೇ ಬರೆದಿರಬೇಕು."

ಅವರು ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ತಿರುಗಿಸಿದರು. ರಂಗೋಲಿ ಬರೆದವನು ಗಂಡಸು. ಕಸೂತಿಯೂ ಗಂಡಸು. ಮಕ್ಕಳ ಹೆಸರು, ಗಂಡಸು. ಉಪ್ಪಿನಕಾಯಿಯನ್ನು ಇಬ್ಬರು ಗಂಡಸರು ಸೇರಿ ಹಾಕಿದ್ದರು. ಪಾಪ, ಯಜಮಾನರಿಗೇ ಬೇಜಾರಾಯಿತು. ಮತ್ತೆ ಒಳಗೆ ಹೋಗಿ ಅರ್ಧ ಗಂಟೆ ಧೂಳು ಎಬ್ಬಿಸಿ, ಸೀನುತ್ತ ಒಂದು ಪುಸ್ತಕ ಹಿಡಿದು ಬಂದರು.

"ಇದೊಂದೇ ಕಣಮ್ಮ, ಹೆಂಗಸು ಬರೆದಿರದು."

ಪಂಪ್‌ಸೆಟ್ ರಿಪೇರಿ. ಬರೆದವರು ಒಬ್ಬ ಇಂಜಿನಿಯರ್ ಮೇಡಂ.

ನಿಯಮ ಅಂದರೆ ನಿಯಮ ಎಂದರು ಹೆಡ್‌ಮಿಸ್ಸು. ಆ ತಿಂಗಳು ನಾವು ಪಂಪ್‌ಸೆಟ್ಟನ್ನೇ ಚರ್ಚೆ ಮಾಡಿದೆವು. ಆಪಾ ಮನೆಯ ಮೋಟಾರು ಇವತ್ತಿನವರೆಗೆ ಕೆಟ್ಟಿಲ್ಲ.

ಅತ್ತೆಯ ಕಾಟ

ಮುಂದಿನ ತಿಂಗಳು ನನಗೆ ಒಳ್ಳೆಯ ಕಾದಂಬರಿಯೇ ಸಿಕ್ಕಿತು. ರಟ್ಟು ಹರಿದುಹೋಗಿತ್ತು, ಒಳಗೆ ಲೇಖಕಿಯ ಹೆಸರಿತ್ತು. ಕತೆ ಎಲ್ಲಾ ಅತ್ತೆಯ ಮನೆಯಲ್ಲಿ ಅನುಭವಿಸುವ ಕಷ್ಟದ್ದು. ಸಕ್ಕರೆ ಡಬ್ಬಿಗೆ ಬೀಗ, ಎರಡನೇ ಸಲ ಅನ್ನ ಬಡಿಸಿಕೊಂಡರೆ ಅತ್ತೆಯ ಕೆಮ್ಮು, ಹೀಗೆ. ಸಿಸ್ಟರ್ ಓದುತ್ತ ಎರಡು ಸಲ ಮೂಗು ಒರೆಸಿಕೊಂಡರು.

ಹೆಡ್‌ಮಿಸ್ಸು ಎದೆಯ ಮೇಲೆ ಕೈಯಿಟ್ಟು, "ಇದನ್ನು ಗಂಡಸು ಏಳು ಜನ್ಮ ಎತ್ತಿದರೂ ಬರೆಯಲಾರ. ಆ ಕೆಮ್ಮನ್ನು ಕೇಳಿದವಳೇ ಬರೀಬೇಕು" ಎಂದು ಭಾಷಣ ಶುರುಮಾಡಿದರು. ನಾನು ಪುಸ್ತಕದ ಅಂಟಿಕೊಂಡಿದ್ದ ಕೊನೆಯ ಹಾಳೆಯನ್ನು ಆಗಷ್ಟೇ ಬಿಡಿಸುತ್ತಿದ್ದೆ. ಅಲ್ಲಿ ಲೇಖಕಿಯ ಫೋಟೋ ಇತ್ತು. ದಪ್ಪ ಮೀಸೆ. ಹೆಂಡತಿಯ ಹೆಸರಿನಲ್ಲಿ ಬರೆಯುತ್ತಾರೆ ಎಂದು ಕೆಳಗೆ ಅಚ್ಚಾಗಿತ್ತು.

ಆಪಾ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನಕ್ಕೆ, "ಪಾಪ, ಮನೆ ಅಳಿಯ ಇರಬೇಕು" ಅಂದರು.

ಎರಡೂ ಎಡಗೈ

ಆಪಾ ಮೆಷಿನ್ ತುಳಿಯುತ್ತಲೇ ಓದುವವರು. ಪುಸ್ತಕವನ್ನು ದಾರದ ಡಬ್ಬಿಗೆ ಒರಗಿಸಿ, ಒಂದು ಕಣ್ಣು ಸೂಜಿ ಮೇಲೆ, ಒಂದು ಕಣ್ಣು ಪುಟದ ಮೇಲೆ. ಒಂದು ದಿನ ಬ್ಯಾಂಕಿನ ಮೇಡಂ ಒಬ್ಬರು ಬಂದು ಗೃಹಪ್ರವೇಶಕ್ಕೆ ಹೊಲಿಸಿದ್ದ ಬ್ಲೌಸ್ ಹಾಕಿಕೊಂಡು ನೋಡಿದರು. ಬಲಗೈ ಎತ್ತಲಿಕ್ಕೇ ಆಗಲಿಲ್ಲ. ನೋಡಿದರೆ ಎರಡೂ ಕಡೆ ಎಡಗೈ ತೋಳು.

"ಏನು ಆಪಾ ಇದು?"

"ತಪ್ಪಾಯ್ತು ಮೇಡಂ. ಎಡ ತೋಳು ಹೊಲಿಯೋವಾಗ ಅವಳು ಚೆನ್ನಾಗಿದ್ದಳು. ಬಲಕ್ಕೆ ಬರೋ ಹೊತ್ತಿಗೆ ತೀರಿಕೊಂಡ್ಬಿಟ್ಲು. ಕಣ್ಣು ತುಂಬಿ ಏನೂ ಕಾಣಲಿಲ್ಲ."

ಮೇಡಂ ಕೋಪ ಇಳಿದುಹೋಯಿತು. ಆಪಾ ಕೈ ಹಿಡಿದುಕೊಂಡು, "ಛೇ, ಯಾರು ಆಪಾ? ಹತ್ತಿರದವರಾ?" ಎಂದರು.

"ನೂರಾ ನಲವತ್ತನೇ ಪುಟದವಳು."

ಮೇಡಂ ಆ ಪುಸ್ತಕ ತೆಗೆದುಕೊಂಡು ಹೋದರು. ಮೂರನೇ ದಿನ ಬಂದಾಗ ಅವರ ಕಣ್ಣು ಕೆಂಪಗಾಗಿತ್ತು. ರಿಪೇರಿಗೆ ಬಿಟ್ಟುಹೋಗಿದ್ದ ಬ್ಲೌಸ್ ಕೇಳುವುದನ್ನೇ ಮರೆತಿದ್ದರು. ನಮ್ಮ ಗುಂಪಿಗೆ ಐದನೆಯವರು ಸೇರಿದ್ದು ಹಾಗೆ.

ತೆರಕಣಾಂಬಿ ಹಿಂದಕ್ಕೆ ಹೋಯಿತು

ಒಮ್ಮೆ ಗುಂಡ್ಲುಪೇಟೆಯ ಸಿಸ್ಟರ್ ಮನೆಯಲ್ಲಿ ಸೇರುವುದೆಂದಾಯಿತು. ನಾನು, ಹೆಡ್‌ಮಿಸ್ಸು ಖಾಸಗಿ ಬಸ್ಸು ಹತ್ತಿದೆವು. ಅವರು ಪುಸ್ತಕ ಇನ್ನೂ ಮುಗಿಸಿರಲಿಲ್ಲ, ಕನ್ನಡಕ ಬೇರೆ ಮನೆಯಲ್ಲೇ ಬಿಟ್ಟಿದ್ದರು. "ನೀನೇ ಬಾಯಿಬಿಟ್ಟು ಓದು" ಅಂದರು. ಅವರಿಗೆ ಕಿವಿಯೂ ವಸಿ ಮಂದ. ಅದಕ್ಕೆ ಗಟ್ಟಿಯಾಗಿಯೇ ಓದಿದೆ.

ಗಂಡನ ಜೊತೆ ಏಗಲಾರದೆ ಹೆಂಡತಿ ಟ್ರಂಕು ಜೋಡಿಸುವ ಭಾಗ ಅದು. ನಾಲ್ಕು ಪುಟ ಆದಮೇಲೆ ತಲೆ ಎತ್ತಿದರೆ, ಹಿಂದಿನ ಸೀಟಿನವರೆಲ್ಲ ಮುಂದಕ್ಕೆ ಬಗ್ಗಿದ್ದಾರೆ. ಡ್ರೈವರ್ ಹಾಡು ನಿಲ್ಲಿಸಿದ್ದಾನೆ.

ಬಸ್ಸು ನಿಂತಿತು. "ತೆರಕಣಾಂಬಿ, ತೆರಕಣಾಂಬಿ" ಎಂದು ಕಂಡಕ್ಟರ್ ಕೂಗಿದ. ಪಕ್ಕದ ಸೀಟಿನ ಅಜ್ಜಿ ಅಲ್ಲಾಡಲಿಲ್ಲ.

"ಅಜ್ಜಿ, ನಿಮ್ಮೂರು ಬಂತು, ಇಳೀರಿ."

"ತಡಿಯಪ್ಪ," ಎಂದಿತು ಅಜ್ಜಿ. "ಅವ್ಳು ಇನ್ನೂ ಮನೆ ಒಸ್ಲು ದಾಟಿಲ್ಲ."

ಅಜ್ಜಿ ಗುಂಡ್ಲುಪೇಟೆಯವರೆಗೂ ಬಂತು. ಅಲ್ಲಿ ಇಳಿದಾಗ, "ಅವ್ಳು ಮನೆ ಬುಟ್ಟೋದದ್ದು ಸರಿ ಕಣವ್ವ. ಈಗ ನನ್ ಗಂಡ ಎಲ್ಲಿಗೋಗಿದ್ದೆ ಅಂದ್ರೆ ನಾ ಏನೇಳ್ಲಿ?" ಎಂದು ಕೇಳಿತು. ಅಷ್ಟರಲ್ಲಿ ಕಂಡಕ್ಟರ್, "ನನ್ ಓನರ್‌ಗೆ ನಾ ಏನೇಳ್ಲಿ ಅದನ್ನೂ ಏಳ್ಬುಡಿ ಮೇಡಂ. ಅರ್ಧ ಬಸ್ಸಿಗೆ ಟಿಕೆಟ್ಟೇ ಕೊಟ್ಟಿಲ್ಲ" ಅಂದ.

ಅತಿಥಿ

ವರ್ಷ ಮುಗಿಯುವಾಗ ನಮಗೆ ಧೈರ್ಯ ಬಂತು. ನಾವು ಓದಿದ್ದ ಒಬ್ಬ ಲೇಖಕಿಗೆ ಫೋನ್ ಮಾಡಿ, ಗುಂಡ್ಲುಪೇಟೆಗೆ ಕರೆದೆವು. ಅವರು ಒಪ್ಪಿಬಿಟ್ಟರು. ಸಿಸ್ಟರ್ ಮಹಿಳಾ ಸಂಘದ ಕೋಣೆ ಗೊತ್ತುಮಾಡಿದರು, ಮೂವತ್ತು ಹೆಂಗಸರು ಸೇರಿದರು. ಆದರೆ ಲೇಖಕಿಯ ಮುಖ ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ. ಫೋಟೋ ಕೇಳಲು ಸಂಕೋಚ. "ಕಂದು ಸೀರೆ, ಕೈಯಲ್ಲಿ ಬಟ್ಟೆ ಚೀಲ" ಎಂದಿದ್ದರು, ಅಷ್ಟೇ.

ಹಾರ ಹಿಡಿದು ನಾನು ಬಸ್‌ಸ್ಟ್ಯಾಂಡಿಗೆ ಹೋದೆ. ಕಂದು ಸೀರೆ, ಬಟ್ಟೆ ಚೀಲದ ವಯಸ್ಸಾದವರೊಬ್ಬರು ಇಳಿದು ಸುತ್ತ ನೋಡಿದರು.

"ನಿಮಗೇ ಕಾಯ್ತಿದ್ವಿ ಅಮ್ಮ."

"ನಾನೂ ಯಾರಾರೂ ಬತ್ತರೆ ಅಂತ ನೋಡ್ತಿದ್ದಿ ಕಣವ್ವ."

ಹಾರ ಹಾಕಿ ಆಟೋದಲ್ಲಿ ಕರೆತಂದೆ. ಅಷ್ಟು ದೊಡ್ಡ ಲೇಖಕಿಯಾದರೂ ಹಳ್ಳಿಯ ಮಾತು ಬಿಟ್ಟಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನನ್ನ ಮನಸ್ಸು ತುಂಬಿಬಂದಿತ್ತು. ಕೋಣೆಯ ಜನ ನೋಡಿ ಅವರೂ ಸಂತೋಷಪಟ್ಟರು. ಹೆಡ್‌ಮಿಸ್ಸು ಪ್ರಶ್ನೆಯ ಚೀಟಿ ತೆಗೆದರು.

"ಅಮ್ಮ, ನಿಮ್ಮವು ಒಟ್ಟು ಎಷ್ಟು?"

"ಐದು. ಒಂದು ಉಳೀಲಿಲ್ಲ. ನಾಕವೆ."

ಹಸ್ತಪ್ರತಿ ಕಳೆದುಹೋಗಿರಬೇಕು ಎಂದು ನಾವೆಲ್ಲ ನಿಟ್ಟುಸಿರು ಬಿಟ್ಟೆವು.

"ಮೊದಲನೆಯದು ಬಂದದ್ದು ಹೇಗೆ?"

"ಎರಡ್ ದಿನ ನೋವು ತಿಂದಿ ಕಣವ್ವ. ಬದುಕ್ತೀನೋ ಇಲ್ವೋ ಅಂತಿದ್ದಿ."

ಹೆಡ್‌ಮಿಸ್ಸು ನಮ್ಮ ಕಡೆ ತಿರುಗಿ, "ಸೃಷ್ಟಿಯ ನೋವು. ಬರ್ಕೊಳ್ಳಿ" ಎಂದರು. ಬರೆದುಕೊಂಡೆವು.

"ಮನೆಯವರ ಬೆಂಬಲ ಹೇಗಿತ್ತು?"

"ಅವರದೇನು, ಎಸ್ರು ಮಾತ್ರ ಅವರದು. ಮಿಕ್ಕಿದ್ದೆಲ್ಲಾ ನಾನೇ ಮಾಡಿದ್ದು."

ಇಡೀ ಕೋಣೆ ಚಪ್ಪಾಳೆ ತಟ್ಟಿತು. ಬ್ಯಾಂಕಿನ ಮೇಡಂ ಎದ್ದು ನಿಂತೇ ತಟ್ಟಿದರು.

"ನಿಮಗೆ ಹೆಚ್ಚು ಇಷ್ಟವಾದದ್ದು?"

"ಕಡೇದು. ಆದ್ರೆ ಅದು ಯಾರ ಕೈಗೂ ಸಿಕ್ಕಲ್ಲ."

"ನಿಜ, ನಾನೂ ಎಲ್ಲಾ ಅಂಗಡಿ ಹುಡುಕಿದೆ" ಎಂದರು ಹೆಡ್‌ಮಿಸ್ಸು.

ಅವರು ಸ್ವಲ್ಪ ಗಾಬರಿಯಿಂದ, "ಅಂಗ್ಡಿ ತಾವೆಲ್ಲಾ ಕುಂತ್ಕಳದಿಲ್ಲ ಕಣವ್ವ ಅವ್ನು, ಒಳ್ಳೆ ಉಡ್ಗ" ಎಂದರು.

ಹೆಡ್‌ಮಿಸ್ಸಿನ ಪೆನ್ನು ನಿಂತಿತು. ಅದೇ ಹೊತ್ತಿಗೆ ಬಾಗಿಲ ಕಡೆ ನೋಡಿದೆ. ಅಲ್ಲಿ ಇನ್ನೊಂದು ಕಂದು ಸೀರೆ, ಇನ್ನೊಂದು ಬಟ್ಟೆ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ನಮ್ಮ ಅತಿಥಿ ಅವರನ್ನು ನೋಡಿ, "ಓ, ಬೀಗ್ತಿ ಇವ್ರೇನಾ?" ಎಂದು ಸೀರೆ ಸರಿಮಾಡಿಕೊಂಡರು. "ಉಮ್ಮತ್ತೂರಿಂದ ಬೆಳಗ್ಗೆನೇ ಒಂಟು ಬಂದಿವ್ನಿ. ನೀವು ಕೇಳದೆಲ್ಲಾ ಕೇಳಿದ್ದಾಯ್ತು. ಈಗ ಉಡ್ಗಿ ಕರೀರಿ, ನೋಡನ."

ನಿಜವಾದ ಲೇಖಕಿಯನ್ನು ಹೆಡ್‌ಮಿಸ್ಸಿಗೆ ಒಪ್ಪಿಸಿ, ನಾನು ಉಮ್ಮತ್ತೂರಿನ ಅಮ್ಮನನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ದಾರಿಯಲ್ಲಿ ಎಲ್ಲಾ ಹೇಳಿ ಕೈ ಮುಗಿದೆ. ಹೆಣ್ಣಿನ ಕಡೆಯವರು ಬಾಳೆಹಣ್ಣಿನ ಗಾಡಿಯ ಪಕ್ಕ ಮುಖ ಗಂಟಿಕ್ಕಿಕೊಂಡು ನಿಂತಿದ್ದರು. ಹಾರ ಇಲ್ಲ, ಮಾತಿಲ್ಲ. "ಲೇಟಾಯ್ತು, ಬನ್ನಿ" ಅಂದರು, ಅಷ್ಟೇ.

ಅಮ್ಮ ಅವರ ಹಿಂದೆ ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಇವ್ರಿಗಿಂತ ನೀವೇ ವಾಸಿ ಕಣವ್ವ. ನಿಮ್ ಗುಂಪಲ್ಲಿ ಮದ್ವೆ ಆಗ್ದೆ ಇರ ಉಡ್ಗಿ ಯಾರಾರೂ ಅವಳಾ?"